ಏಳೆಂಟ್ಲ

ಅಪ್ಪನ ಸ್ಲೇಟು ಅಂಗೈಯಗಲ, ಬಿಳಿ ಪ್ಲಾಸ್ಟಿಕ್ಕು,
ದಾರದಲ್ಲಿ ಜೋತ ಮೋಟು ಪೆನ್ಸಿಲು.
ನಿಯಮ ಒಂದೇ: ನಲವತ್ತು ಮೀಟರಿನಲ್ಲೊಮ್ಮೆ, ಅರವತ್ತರಲ್ಲೊಮ್ಮೆ,
ಹವಳದ ಗುಹೆಯ ಬಾಯಲ್ಲಿ ಇನ್ನೊಮ್ಮೆ
ಏಳೆಂಟ್ಲ ಎಷ್ಟೆಂದು ಬರೆಯಬೇಕು.
ತಪ್ಪಿದರೆ ಪುಟ್ಟ ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿ
ಮೇಲೆ ಬರಬೇಕು.

ತಪ್ಪೆಂದು ಹೇಳುವವರು ಯಾರು ಅಲ್ಲಿ?
ತಪ್ಪುವ ತಲೆಯೇ ತಿದ್ದುವ ಮೇಷ್ಟ್ರು.

ಅಲ್ಗೇರೊದಲ್ಲಿ ನಾವು ಉಸಿರಾಡುವುದೂ ಇದೇ ಗಾಳಿ,
ಹಗ್ಗದ ಮೇಲಿನ ಅಂಗಿಗಳಲ್ಲಿ ತೋಳು ತುಂಬುವ ಗಾಳಿ.
ಐದರಲ್ಲಿ ನಾಲ್ಕು ಪಾಲು ಸಾರಜನಕ,
ಕಡ್ಡಿ ಎತ್ತಿ ಆಚೆ ಇಡದ ಮನೆಯಳಿಯ,
ಬಂದ ಹಾಗೇ ಹೋಗುತ್ತಾನೆ.
ತೊಂಬತ್ತು ಮೀಟರು ಕೆಳಗೆ
ಒಂದು ಗುಟುಕಿಗೆ ಹತ್ತು ಗುಟುಕಿನ ತೂಕ.
ಅಲ್ಲಿ ಅಳಿಯ ಯಜಮಾನನ ಕುರ್ಚಿಯಲ್ಲಿ ಕೂತು
ಬೀಗದ ಕೈಗೊಂಚಲು ಕುಲುಕುತ್ತಾನೆ.

ಲುಸ್ಸೋರಿಯೊ ಮಾವ ಹೋದದ್ದು ಹಾಗೇ ಎನ್ನುತ್ತಾರೆ.
ಎನ್ನುತ್ತಾರೆ, ಅಷ್ಟೆ. ನೋಡಿದವರಿಲ್ಲ.
ಆದರೆ ಅಪ್ಪ ಒಮ್ಮೆ ಮೀನು ಸೀಳುತ್ತ
ನನ್ನ ಕಡೆ ನೋಡದೆ ಹೇಳಿದ್ದ:
“ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿತ್ತು, ಬೊನಾರಿಯಾ.
ನೋಡಿದೆ. ಅರ್ಥವೂ ಆಯಿತು.
ಆದರೆ ಎಂಥ ಕೆಂಪು ಅದು ಅನ್ನಿಸಿತು.
ಎಷ್ಟು ಹೊತ್ತು ನೋಡುತ್ತ ನಿಂತೆನೋ.”

ಹತ್ತಿಪ್ಪತ್ತು ಮೀಟರು ಮೇಲೆ ಬಂದರೆ ಸಾಕು,
ಅಮಲು ಅಂಗಿಯಂತೆ ಕಳಚಿ ಬೀಳುತ್ತದೆ.
ಮರುದಿನದ ತಲೆನೋವಿಲ್ಲ, ಬಾಯಿನಾತವಿಲ್ಲ.
ಸಾಕ್ಷಿಗೆ ಸ್ಲೇಟು ಮಾತ್ರ.

ಆ ಅಕ್ಟೋಬರಿನ ಸ್ಲೇಟು ಇನ್ನೂ ನನ್ನ ಹತ್ತಿರ ಇದೆ,
ಎಂಜಿನ್ನಿನ ಹಿಂದೆ, ಡೀಸೆಲ್ ಚಿಂದಿಯಲ್ಲಿ ಸುತ್ತಿ.
ನಲವತ್ತರಲ್ಲಿ: ಐವತ್ತಾರು.
ಅರವತ್ತರಲ್ಲಿ: ಐವತ್ತಾರು, ಆರು ತಲೆಕೆಳಗು.
ಮೂರನೆಯ ಸಾಲು ಅಪ್ಪನ ಕೈಬರಹವೇ, ಆದರೆ ಮಗುವಿನ ದುಂಡು:
ಏಳೆಂಟ್ಲ ಎಲ್ಲರೂ ಬಂದಿದ್ದಾರೆ.

ಯಾರು ಬಂದಿದ್ದರು ಎಂದು ಕೇಳಿದೆ.
ಸ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿದ,
ಬೇರೆಯವರ ಕಾಗದ ತಪ್ಪಿ ಮನೆಗೆ ಬಂದಂತೆ.

ಅಂದಿನಿಂದ ಹೀಲಿಯಂ.
ದುಬಾರಿ; ಒಂದು ವರ್ಷದ ಹವಳ ಅದಕ್ಕೇ ಸರಿಹೋಯಿತು.
ದೋಣಿಯ ಮೇಲೆ ಪರೀಕ್ಷೆಗೆಂದು ಒಂದು ಗುಟುಕು ಎಳೆದು
ಅಪ್ಪ “ಕೇಳಿಸ್ತಾ?” ಅಂದರೆ ಬಾತುಕೋಳಿ ಕೂಗಿದಂತೆ.
ನನ್ನ ಮಗ ನಕ್ಕು ನಕ್ಕು ಬುಟ್ಟಿಯೊಳಗೆ ಬಿದ್ದ.
ಅಪ್ಪನೂ ನಕ್ಕ. ಮುಳುಗಿದ.

ಐವತ್ತಾರು. ಐವತ್ತಾರು. ಐವತ್ತಾರು.
ಮುದ್ರೆ ಒತ್ತಿದ ಹಾಗೆ ಮೂರೂ ಒಂದೇ ಅಚ್ಚು.

ಬಲೆಚೀಲ ತುಂಬಿತ್ತು. ನಾನು ಕುಣಿಯುವುದೊಂದೇ ಬಾಕಿ.
ಅಪ್ಪ ಮಾತ್ರ ರಬ್ಬರ್ ಬೂಟು ಕಳಚದೆ
ಹಗ್ಗದ ಸುರುಳಿಯ ಮೇಲೆ ಕೂತಿದ್ದ.
“ಏನಿತ್ತು ಕೆಳಗೆ?”
“ಕತ್ತಲೆ.”
ಆಮೇಲೆ: “ಚಳಿ. ಹವಳ ಕೂಡ ಕಪ್ಪೇ,
ದೀಪ ಬಿದ್ದಷ್ಟು ಜಾಗ ಕೆಂಪು.
ನನ್ನ ಕೈ ನೋಡಿದೆ. ಮುದುಕನ ಕೈ.”
ಆಮೇಲೆ, ಕಾಪೊ ಕಾಚ್ಚಾದ ಬಂಡೆ ದಾಟಿ ಬಂದರು ಕಂಡಾಗ:
“ಮೂವತ್ತು ವರ್ಷ ಪಕ್ಕದಲ್ಲಿ ಯಾರೋ ಇದ್ದರು.
ಯಾರೂ ಇರಲಿಲ್ಲ.”

ನಾಳೆ ಅವನಿಗೆ ಎಪ್ಪತ್ತು.
ಒಂದು ಸಿಲಿಂಡರಿಗೆ ಬರಿಯ ಗಾಳಿ ತುಂಬಿಸು ಎಂದಿದ್ದಾನೆ,
ನಲವತ್ತರಿಂದ ಕೆಳಗೆ ಇಳಿಯುವುದಿಲ್ಲ,
ನಿನ್ನ ಅಮ್ಮನಾಣೆ.
ಅಮ್ಮ ಸತ್ತು ಹನ್ನೊಂದು ವರ್ಷ.

ಕಂಪ್ರೆಸರು ಗುಡುಗುಡು ಅನ್ನುತ್ತಿದೆ.
ಎರಡು ಸಿಲಿಂಡರು ಮುಂದೆ, ಕೈಯಲ್ಲಿ ಒಂದೇ ಕೊಳವೆ.
ಮಗ ಪಕ್ಕದಲ್ಲಿ ಶಾಲೆಯ ಮಗ್ಗಿ ಒಪ್ಪಿಸುತ್ತಾನೆ,
ನಾನೂ ಅವನ ಜೊತೆ ತುಟಿಯಾಡಿಸುತ್ತೇನೆ.
ಏಳಾರ್ಲ ನಲವತ್ತೆರಡು.
ಏಳೇಳ್ಲ ನಲವತ್ತೊಂಬತ್ತು.
ಅಲ್ಲಿಗೆ ನಾನು ನಿಲ್ಲಿಸುತ್ತೇನೆ.